ಸಿಂಗಸಂದ್ರದ ಶೆಡ್ಡಿನಲ್ಲಿ ಪಿ0031

ಸಿಂಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಸರ್ವಿಸ್ ರಸ್ತೆಗೆ ಬಂದರೆ ಗಂಟಲು ಏರಿಸಿಯೇ ಮಾತಾಡಬೇಕು. ಮೇಲೆ 2010ರಿಂದ ಇರುವ ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್, ಅದರ ಪಕ್ಕಕ್ಕೆ 2025ರ ಆಗಸ್ಟ್‌ನಲ್ಲಿ ಓಡಲು ಶುರುವಾದ ಹಳದಿ ಮಾರ್ಗ, ಕೆಳಗೆ ಹೊಸೂರಿನ ಲಾರಿ, ಕಂಪನಿ ಬಸ್ಸು, ಸಂದಿಯಲ್ಲಿ ನುಸುಳುವ ಬೈಕು. ಅಡ್ಡರಸ್ತೆಗೆ ಹೊಕ್ಕು ಸ್ವಲ್ಪ ದೂರ ನಡೆಯಿರಿ, ಸದ್ದು ಅರ್ಧಕ್ಕಿಳಿಯುತ್ತದೆ. ಪಿಜಿ ಬೋರ್ಡುಗಳು, ಒಂದು ದರ್ಶಿನಿ, ಪಂಕ್ಚರ್ ಅಂಗಡಿ, ಪಾರ್ಥೇನಿಯಂ ಎದೆಮಟ್ಟ ಬೆಳೆದ ಖಾಲಿ ಸೈಟು, ಅದರ ಪಕ್ಕದಲ್ಲೇ ತಗಡಿನ ಶೆಡ್ಡು. ಒಳಗೆ ಮೂರು ಕಾರಿಗೆ ಜಾಗವಿದೆ, ನಾಲ್ಕು ನಿಂತಿವೆ.

ಶನಿವಾರ, ಬೆಳಗಿನ ಒಂಬತ್ತೂವರೆ. ರಾತ್ರಿಯ ಮಳೆಗೆ ಶೆಡ್ಡಿನ ಮುಂದಿನ ಮಣ್ಣು ಇನ್ನೂ ಒದ್ದೆ. ಗೋಡೆಯ ಮೇಲೆ ಪಾನಾಗಳು ಅಳತೆಯ ಪ್ರಕಾರ ನೇತಾಡುತ್ತಿವೆ, ಅವುಗಳ ಕೆಳಗಿನ ಮೇಜಿನ ಮೇಲೆ ಟ್ಯಾಬ್ಲೆಟ್‌ನಂಥ ಒಂದು ಸ್ಕ್ಯಾನರ್ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗೆ ಮಲಗಿದೆ. ಈ ಶೆಡ್ಡಿನಲ್ಲಿ ಗ್ರೀಸ್ ಕೈಯಿಂದ ಮುಟ್ಟಬಾರದ ವಸ್ತು ಅದೊಂದೇ. ಮೇಸ್ತ್ರಿ ಆನೇಕಲ್ ಕಡೆಯವರು, ಕೆಲಸ ಕಲಿತದ್ದು ಕಲಾಸಿಪಾಳ್ಯದಲ್ಲಿ. ಹುಡುಗರಿಗೆ ಅವರು ಅಣ್ಣ, ಗಿರಾಕಿಗಳಿಗೂ ಅಣ್ಣ. ನೀವೂ ಹಾಗೇ ಕರೆಯಿರಿ.

ಬಿಳಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು ಬಂದು ನಿಲ್ಲುತ್ತದೆ. ಇಳಿದವರ ಕೊರಳಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಡಬ್ಬ.

“ಅಣ್ಣ, ಇಂಜಿನ್ ಲೈಟ್ ಹೋಗ್ತಾ ಇಲ್ಲ. ಮೈಲೇಜೂ ಸ್ವಲ್ಪ ಕಮ್ಮಿ ಆಗಿದೆ. ನಾನೇ ಕೋಡ್ ನೋಡಿದೆ, ಆಕ್ಸಿಜನ್ ಸೆನ್ಸರ್. ಪಾರ್ಟ್ ತರಿಸಿದೀನಿ, ಹಾಕಿಕೊಟ್ರೆ ಸಾಕು.”

ಅಣ್ಣ ಡಬ್ಬ ಮುಟ್ಟುವುದಿಲ್ಲ. “ಹಾಕೋಣ ಮೇಡಂ. ಕೋಡ್ ಅಳಿಸಿಲ್ಲ ತಾನೇ?”

“ಇಲ್ಲ. ಕ್ಲಿಯರ್ ಅಂತ ಬಟನ್ ಇತ್ತು, ಒತ್ತಲಿಲ್ಲ.”

“ಒಳ್ಳೇದಾಯ್ತು.”

ಡ್ರೈವರ್ ಸೀಟಿನ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ. ಕಾಲಿಗೆ ತಾಗುವಷ್ಟು ಹತ್ತಿರ, ಎರಡು ಸಾಲಿನಲ್ಲಿ ಹದಿನಾರು ಪಿನ್‌ಗಳ ಒಂದು ಸಾಕೆಟ್ಟು. ಇದರ ಆಕಾರ, ಪಿನ್ ಜೋಡಣೆ ಯಾವ ಕಂಪನಿಯ ಕಾರಿಗೂ ಒಂದೇ. ಹದಿನಾರನೇ ಪಿನ್ನಿಗೆ ಬ್ಯಾಟರಿಯ ಕರೆಂಟು, ನಾಲ್ಕು ಮತ್ತು ಐದಕ್ಕೆ ಅರ್ಥ್. ಆರು ಮತ್ತು ಹದಿನಾಲ್ಕರಲ್ಲಿ ಕ್ಯಾನ್ ಎಂಬ ಜೋಡಿ ತಂತಿ, ಕಾರಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ದಾರಿ. ಈ ಕ್ಯಾನ್ ವ್ಯವಸ್ಥೆಯನ್ನು ರೂಪಿಸಿ 1986ರಲ್ಲಿ ಜಗತ್ತಿಗೆ ತೋರಿಸಿದ್ದು ಜರ್ಮನಿಯ ಬಾಷ್. ಆ ಡಬ್ಬದಲ್ಲಿರುವ ಲ್ಯಾಂಬ್ಡಾ ಸೆನ್ಸರನ್ನು, ಅಂದರೆ ಇವರು ಆಕ್ಸಿಜನ್ ಸೆನ್ಸರ್ ಅನ್ನುವುದನ್ನು, 1976ರಲ್ಲಿ ಮಾರುಕಟ್ಟೆಗೆ ತಂದದ್ದೂ ಅದೇ ಕಂಪನಿ. ಆಡುಗೋಡಿಯ ಮೈಕೋ ಎಂದರೆ ಹೊಸೂರು ರಸ್ತೆಯ ಹಳಬರಿಗೆ ಬೇರೆ ಪರಿಚಯ ಬೇಡ. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಹೆಸರು ಬದಲಿಸಿಕೊಂಡು ಬಾಷ್ ಆಯಿತು. ಇಲ್ಲಿಂದ ಸ್ವಲ್ಪ ದೂರದ ನಾಗನಾಥಪುರದಲ್ಲೂ ಅವರ ಕಾರ್ಖಾನೆಯಿದೆ. ಕಾರಿನ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆಯುವವರು ಓಡಾಡುವ ರಸ್ತೆಯೂ ಇದೇ. ಆ ಸಾಫ್ಟ್‌ವೇರ್ ಕೆಂಪು ಕಣ್ಣು ಬಿಟ್ಟಾಗ ಬಗೆಹರಿಸುವವರು ಮಾತ್ರ ಇಂಥ ತಗಡಿನ ಶೆಡ್ಡುಗಳಲ್ಲಿದ್ದಾರೆ.

ಕೀ ಆನ್. ಇಂಜಿನ್ ಸ್ಟಾರ್ಟ್ ಮಾಡಿಲ್ಲ. ಸ್ಕ್ಯಾನರ್ ಪರದೆಯಲ್ಲಿ ಸಾಲುಗಳು ಇಳಿಯುತ್ತವೆ: ಪಿ0031, ಪಿ0037, ಪಿ0458.

ಮೇಡಂ ತಮ್ಮ ಫೋನ್ ಮುಂದೆ ಹಿಡಿಯುತ್ತಾರೆ. ಎಸ್.ಪಿ. ರೋಡಿನಿಂದ ತಂದ ಇಎಲ್‌ಎಂ327 ಡಾಂಗಲ್, ಉಚಿತ ಆ್ಯಪ್, ಅವೇ ಮೂರು ಕೋಡು. “ಮೂರರಲ್ಲಿ ಎರಡು ಆಕ್ಸಿಜನ್ ಸೆನ್ಸರ್ ಅಂತಲೇ ಇತ್ತಲ್ಲ, ಅದಕ್ಕೇ...”

ಅವರ ಲೆಕ್ಕ ಅರ್ಥವಾಗುವಂಥದ್ದೇ. ಮೊದಲ ಅಕ್ಷರ ಪಿ ಎಂದರೆ ಇಂಜಿನ್-ಗೇರ್ ಬಾಕ್ಸಿನ ವಿಚಾರ. ಬಿ ಬಾಡಿ, ಸಿ ಚಾಸಿ, ಯು ಕಂಪ್ಯೂಟರುಗಳ ನಡುವಿನ ಸಂಪರ್ಕ. ಅದರ ಮುಂದಿನ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಕೋಡ್ ಎನ್ನುತ್ತದೆ; ಅಲ್ಲಿ ಒಂದು ಇದ್ದರೆ ಅದು ಆಯಾ ಕಂಪನಿಯ ಸ್ವಂತದ್ದು. ಪಿ0031 ಎಂದರೆ ಸೈಲೆನ್ಸರ್ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂದಿರುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಕಡಿಮೆ. ಪಿ0037 ಅದೇ ದೂರು, ಕನ್ವರ್ಟರ್ ಆದಮೇಲಿನ ಸೆನ್ಸರಿನದು. ಪಿ0458ಗೂ ಸೆನ್ಸರಿಗೂ ಸಂಬಂಧವೇ ಇಲ್ಲ. ಅದು ಪರ್ಜ್ ವಾಲ್ವ್, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವ ಪುಟ್ಟ ಕವಾಟದ ಸರ್ಕ್ಯೂಟು. ಅಲ್ಲೂ ಕಡಿಮೆ.

ಅಣ್ಣ ಮೂರನ್ನೂ ಎರಡು ಸಲ ಓದುತ್ತಾರೆ. “ಮೂರೂ ಒಂದೇ ದಿನ ಸಾಯೋಕೆ ಅವೇನು ಒಂದೇ ಬಸ್ಸಲ್ಲಿ ಹೋಗ್ತಿದ್ವಾ ಮೇಡಂ?”

ಪೆನ್ನು ಕೇಳಿ, ಡಬ್ಬದ ಮೇಲೇ ಗೆರೆ ಎಳೆಯುತ್ತಾರೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ಹೀಟರ್ ಕಾಯಿಲ್, ಕಾಯಿಲ್ಲಿನಿಂದ ಇಸಿಎಂ ಅನ್ನುವ ಇಂಜಿನ್ ಕಂಪ್ಯೂಟರಿನ ಪಿನ್. ಹೀಟರ್ ಬೇಕಾದಾಗ ಇಸಿಎಂ ತನ್ನ ಪಿನ್ನನ್ನು ಅರ್ಥ್‌ಗೆ ಸೇರಿಸುತ್ತದೆ, ಬೇಡವಾದಾಗ ಬಿಡುತ್ತದೆ. ಬಿಟ್ಟಾಗ ಆ ಪಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟ್ ಕಾಣಬೇಕು. ಕಾಣಲಿಲ್ಲವೋ, ಕೋಡ್ ಬರೆದು ಲೈಟ್ ಹಚ್ಚುತ್ತದೆ. ಕಾಯಿಲ್ ಸುಟ್ಟಿದ್ದರೂ ಅಷ್ಟೇ, ತಂತಿ ತುಂಡಾಗಿದ್ದರೂ ಅಷ್ಟೇ, ಫ್ಯೂಸ್ ಹೋಗಿದ್ದರೂ ಅಷ್ಟೇ. ತನ್ನ ಪಿನ್ನಿನಿಂದಾಚೆ ಏನಾಗಿದೆ ಅಂತ ಅದಕ್ಕೆ ಕಾಣುವುದಿಲ್ಲ. ಹೀಗಿರುವಾಗ ಕೋಡಿನಲ್ಲಿ ಯಾವ ಪಾರ್ಟಿನ ಹೆಸರಿದೆಯೋ ಅದನ್ನೇ ಬದಲಿಸುವುದೆಂದರೆ, ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದ ಹಾಗೆ. ಸ್ಕ್ಯಾನರ್ ಅಗ್ಗವಾದ ಮೇಲೆ ಆ ಬಗೆಯ ರಿಪೇರಿ ಬೆಂಗಳೂರಿನಲ್ಲಿ ಕಡಿಮೆಯಾಗಲಿಲ್ಲ. ಮೊದಲು ಅಂದಾಜಿನ ಮೇಲೆ ಬದಲಿಸುತ್ತಿದ್ದುದನ್ನು ಈಗ ಪ್ರಿಂಟೌಟ್ ಇಟ್ಟುಕೊಂಡು ಬದಲಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಅಣ್ಣ ಫ್ರೀಜ್ ಫ್ರೇಮ್ ತೆರೆಯುತ್ತಾರೆ. ಕೋಡ್ ದಾಖಲಾದ ಕ್ಷಣದಲ್ಲಿ ಇಂಜಿನ್ ಹೇಗಿತ್ತೆಂದು ಇಸಿಎಂ ಬರೆದಿಟ್ಟುಕೊಂಡ ಪುಟ ಅದು. ವೇಗ 0. ಇಂಜಿನ್ ಸುತ್ತು 1,200ರ ಆಸುಪಾಸು. ಕೂಲಂಟ್ 24 ಡಿಗ್ರಿ. ಮೇಡಂಗೆ ಇದು ಇಷ್ಟವಾಗುತ್ತದೆ. ಸ್ಕ್ಯಾನರ್ ಜಾಗಕ್ಕೆ ತಮ್ಮ ಡಾಂಗಲ್ ಚುಚ್ಚಿ ಆ್ಯಪಿನಲ್ಲೂ ಅದನ್ನೇ ಕೇಳಿ, ಕಾರಿನಿಂದ ಬಂದ ಉತ್ತರವನ್ನು ಹಾಗೇ ನಿಮಗೂ ತೋರಿಸುತ್ತಾರೆ: 42 05 00 40. ಕೊನೆಯ 40 ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ 64. ಅದರಿಂದ 40 ಕಳೆದರೆ ಉಷ್ಣಾಂಶ, 24. ಒಂದೇ ಬೈಟಿನಲ್ಲಿ ಸೊನ್ನೆಗಿಂತ ಕೆಳಗಿನ 40 ಡಿಗ್ರಿಯಿಂದ ಮೇಲಿನ 215ರವರೆಗೆ ಹಿಡಿಸಲು ಮಾಡಿದ ಉಪಾಯ. ಕೋಡುಗಳೂ ಹಾಗೇ, ಐದು ಅಕ್ಷರವೆಂದು ಕಾಣುವುದೆಲ್ಲ ತಂತಿಯಲ್ಲಿ ಬರುವುದು ಎರಡೇ ಬೈಟಾಗಿ.

“ಅದೆಲ್ಲ ನಿಮಗೇ ಸರಿ ಮೇಡಂ,” ಅಣ್ಣ ನಗುತ್ತಾರೆ. “ನನಗೆ ಕಾಣೋದು, ಗಾಡಿ ರಾತ್ರಿಯೆಲ್ಲ ನಿಂತಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೋಡ್ ಹೊಡೆದಿದೆ. ಓಡೋವಾಗ ಆಗಿದ್ದಲ್ಲ. ಎಲ್ಲಿ ನಿಲ್ಲಿಸ್ತೀರಾ?”

“ಮನೆ ಮುಂದೆ. ಪಕ್ಕ ಖಾಲಿ ಸೈಟು.”

“ಮೋರಿ ಇದೆಯಾ?”

“ಇದೆ.”

ಹುಡುಗ ಕೇಳದೆಯೇ ಬಾನೆಟ್ ಎತ್ತುತ್ತಾನೆ.

ಟಾರ್ಚ್ ನಿಮ್ಮ ಕೈಗೆ ಬರುತ್ತದೆ. ಹಿಡಿದುಕೊಳ್ಳಿ, ಅಲ್ಲಾಡಿಸಬೇಡಿ. ಬ್ಯಾಟರಿಯ ಪಕ್ಕದ ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಮೈಯಲ್ಲಿ ಫ್ಯೂಸುಗಳ ನಕ್ಷೆ. ಎರಡೂ ಸೆನ್ಸರಿನ ಹೀಟರಿಗೆ, ಪರ್ಜ್ ವಾಲ್ವಿಗೆ, ಮೂರಕ್ಕೂ ಒಂದೇ ಫ್ಯೂಸು, 15 ಆಂಪಿಯರ್, ನೀಲಿ. ಚಿಮುಟದಲ್ಲಿ ಕಿತ್ತು ಬೆಳಕಿಗೆ ಹಿಡಿಯುತ್ತಾರೆ. ನೀಲಿ ಪ್ಲಾಸ್ಟಿಕ್ಕಿನೊಳಗಿನ ಕೊಕ್ಕೆಯಾಕಾರದ ಲೋಹ ನಡುವೆ ಕಡಿದುಹೋಗಿದೆ, ಎರಡೂ ತುದಿಯಲ್ಲಿ ಕಪ್ಪು ಕಲೆ. ಹೊಸ ಫ್ಯೂಸ್ ಹಾಕಿ ಕೀ ತಿರುಗಿಸುತ್ತಾರೆ. ಟಕ್. ಅದೂ ಹೋಯಿತು.

“ಅಣ್ಣ, ಮೂವತ್ತರದು ಹಾಕ್ಲಾ?” ಹುಡುಗನ ಕೈಯಲ್ಲಿ ಆಗಲೇ ಹಸಿರು ಫ್ಯೂಸಿದೆ.

“ಹಾಕು. ಆಮೇಲೆ ಫ್ಯೂಸ್ ಬದಲು ವೈರಿಂಗ್ ಸುಡುತ್ತೆ, ಅದರ ಹಿಂದೆ ಗಾಡಿ. ಮೇಡಂಗೆ ನೀನೇ ಹೊಸದು ಕೊಡಿಸು.” ಹಸಿರು ಫ್ಯೂಸು ಡಬ್ಬಿಗೆ ವಾಪಸ್ಸಾಗುತ್ತದೆ.

ಹೀಗೆ ಎಲ್ಲೋ ಬಾಡಿಗೆ ತಗುಲಿ ಅರ್ಥ್ ಆಗುತ್ತಿರುವ ತಂತಿಯನ್ನು ಹುಡುಕಲು ಅಣ್ಣ ಮೇಜಿನ ಡ್ರಾಯರಿನಿಂದ ತೆಗೆಯುವ ಸಾಮಾನು ನೋಡಿ: ಹಳೆಯ ಹೆಡ್‌ಲೈಟ್ ಬಲ್ಬು, ಅದಕ್ಕೆ ಬೆಸೆದ ಎರಡು ತಂತಿ, ತುದಿಯಲ್ಲಿ ಒಡೆದ ಫ್ಯೂಸಿನ ಕಾಲುಗಳು. ಅದನ್ನು ಫ್ಯೂಸಿನ ಜಾಗಕ್ಕೇ ಚುಚ್ಚುತ್ತಾರೆ. ಕೀ ಆನ್ ಆದೊಡನೆ ಬಲ್ಬು ಧಗ್ಗನೆ ಉರಿಯುತ್ತದೆ. ಆ ಕಡೆ ತಂತಿ ಬಾಡಿಗೆ ತಗುಲಿರುವುದರಿಂದ ಬ್ಯಾಟರಿಯ ಕರೆಂಟೆಲ್ಲ ಬಲ್ಬಿನ ಮೂಲಕ ಅಲ್ಲಿಗೆ ಹರಿಯುತ್ತಿದೆ. 55 ವ್ಯಾಟಿನ ಬಲ್ಬು ಐದು ಆಂಪಿಯರ್‌ಗಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ಯಾವ ತಂತಿಯೂ ಸುಡದು. ತಗುಲಿದ ಜಾಗ ಬಿಟ್ಟುಕೊಂಡ ಕ್ಷಣ ಬಲ್ಬು ಆರಬೇಕು. ದುಬಾರಿ ಸ್ಕ್ಯಾನರ್ ಯಾವ ಫ್ಯೂಸೆಂದು ತೋರಿಸುವ ತನಕ ಬಂತು, ಇನ್ನು ಮುಂದಿನ ದಾರಿ ಈ ಗುಜರಿ ಬಲ್ಬಿನದು.

“ಆರಿದ್ರೆ ಹೇಳಿ ಸಾರ್,” ಎಂದು ನಿಮಗೆ ಕೆಲಸ ಹಚ್ಚಿ ಅಣ್ಣ ವೈರಿಂಗ್ ಹಿಡಿದು ಬರುತ್ತಾರೆ. ಫ್ಯೂಸ್ ಪೆಟ್ಟಿಗೆಯ ಬುಡ ಅಲ್ಲಾಡಿಸುತ್ತಾರೆ, ಬಲ್ಬು ಉರಿಯುತ್ತಿದೆ. ಏರ್ ಫಿಲ್ಟರ್ ಪೆಟ್ಟಿಗೆಯ ಹಿಂದೆ, ಉರಿಯುತ್ತಿದೆ. ಬ್ಯಾಟರಿ ಟ್ರೇ ಕೆಳಗೆ ಕೈ ತೂರಿಸಿ ಮೆಲ್ಲಗೆ ಎಳೆಯುತ್ತಾರೆ. ಬಲ್ಬು ಮಿಣುಕಿ ಆರುತ್ತದೆ.

“ಆರ್ತು!”

ಬ್ಯಾಟರಿ ಹೊರಗೆ, ಟ್ರೇ ಹೊರಗೆ. ಟಾರ್ಚ್ ಹತ್ತಿರ ತನ್ನಿ. ತಂತಿಗಳಿಗೆ ತೊಡಿಸಿದ ಸುಕ್ಕುಸುಕ್ಕಿನ ಕಪ್ಪು ಪೈಪು ಅರ್ಧ ಗೇಣಿನಷ್ಟು ಚೂರುಚೂರಾಗಿದೆ. ಒಳಗಿನ ಐದಾರು ತಂತಿಗಳಲ್ಲಿ ಎರಡರ ಮೈಮೇಲೆ ಸಾಲಾಗಿ ಹಲ್ಲಿನ ಗುರುತು, ಒಂದು ತಂತಿಯ ಸಿಪ್ಪೆ ಪೂರ್ತಿ ಹೋಗಿ ತಾಮ್ರ ಹೊಳೆಯುತ್ತಿದೆ. ಆ ತಾಮ್ರ ಒರಗಿದ್ದ ಕಬ್ಬಿಣದ ಪಟ್ಟಿಯ ಮೇಲೆ ಸಾಸಿವೆ ಗಾತ್ರದ ಸುಟ್ಟ ಚುಕ್ಕೆ. ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆ, ಕೋಳಿಯ ಒಂದು ಮೂಳೆ, ಹಿಕ್ಕೆ. ಮೇಡಂ ಮೂಗು ಮುಚ್ಚಿಕೊಂಡೇ ಫೋಟೊ ತೆಗೆಯುತ್ತಾರೆ.

“ಹೆಗ್ಗಣ ಅಲ್ಲ, ಇಲಿ,” ಹಿಕ್ಕೆ ನೋಡಿ ಹುಡುಗ ತೀರ್ಪು ಕೊಡುತ್ತಾನೆ.

ಸಾಲ್ಡರಿಂಗ್ ಐರನ್ ಕಾಯುವ ತನಕ ಅಣ್ಣನಿಗೆ ಬಿಡುವು, ಟೀ ಬರುತ್ತದೆ, ಜೊತೆಗೆ ಹಳೆಯ ಮಾತು. ಎಂಪಿಎಫ್‌ಐ ಪೆಟ್ರೋಲ್ ಇಂಜೆಕ್ಷನ್ ಹೊಸದಾಗಿ ಬಂದ ಕಾಲದ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆಯೇ ಕೋಡ್ ಓದುತ್ತಿದ್ದರಂತೆ. ಇಂಜಿನ್ ಬಳಿಯ ಪುಟ್ಟ ಕನೆಕ್ಟರಿನಲ್ಲಿ ಎರಡು ಪಿನ್ನಿಗೆ ವೈರ್ ಸೇರಿಸಿದರೆ ಡ್ಯಾಶ್‌ಬೋರ್ಡಿನ ಲೈಟ್ ಮಿಣುಕಲು ತೊಡಗುತ್ತಿತ್ತು. ಒಂದು ಮಿಣುಕು, ಬಿಡುವು, ಎರಡು ಮಿಣುಕು: 12, ಎಲ್ಲ ಸರಿಯಿದೆ. ಬೇರೆ ಸಂಖ್ಯೆ ಬಂದರೆ ಒಬ್ಬ ಎಣಿಸುವುದು, ಇನ್ನೊಬ್ಬ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಒಂದೊಂದು ಕಂಪನಿಗೆ ಒಂದೊಂದು ಪಟ್ಟಿ.

ಎಲ್ಲರಿಗೂ ಒಂದೇ ಸಾಕೆಟ್ಟು, ಒಂದೇ ಪಟ್ಟಿ ಬರುವಂತೆ ಮಾಡಿದ್ದು ಮೆಕ್ಯಾನಿಕ್‌ಗಳ ಮೇಲಿನ ಕರುಣೆಯಲ್ಲ, ಹೊಗೆ. ಲಾಸ್ ಏಂಜಲೀಸಿನ ಮಬ್ಬುಗಾಳಿಯಿಂದ ಬೇಸತ್ತ ಕ್ಯಾಲಿಫೋರ್ನಿಯಾ 1988ರ ಮಾದರಿಯ ಕಾರುಗಳಿಂದ ಮೊದಲ ಸುತ್ತಿನ ಸ್ವಯಂತಪಾಸಣೆಯನ್ನು ಕಡ್ಡಾಯ ಮಾಡಿತು. 1996ರಿಂದ ಇಡೀ ಅಮೆರಿಕದ ಕಾರುಗಳಿಗೆ ಅದರ ಎರಡನೇ ಸುತ್ತಾದ ಒಬಿಡಿ-2 ಬಂತು. ನಮ್ಮಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಲ್ಲಿ. ಹುಟ್ಟಿದ್ದೇ ಹೊಗೆಯ ಲೆಕ್ಕಕ್ಕಾದ್ದರಿಂದ ಈ ಲೈಟಿನ ಆದ್ಯತೆಗಳೂ ವಿಚಿತ್ರ. ಸವೆದ ಬ್ರೇಕ್ ಪ್ಯಾಡಿಗೆ, ಜಾರುವ ಕ್ಲಚ್ಚಿಗೆ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಸೆನ್ಸರನ್ನು ಬೆಚ್ಚಗಿಡುವ ಹೀಟರ್ ಕೈಕೊಟ್ಟರೆ ಬಿಡದೆ ಉರಿಯುತ್ತದೆ. ಕಾರಣವಿದೆ. ಆ ಸೆನ್ಸರ್ ಸುಮಾರು 300 ಡಿಗ್ರಿ ಕಾದ ಮೇಲೆಯೇ ಕೆಲಸ ಮಾಡುವುದು. ಹೀಟರ್ ಇಲ್ಲದಿದ್ದರೆ ಬರೀ ಹೊಗೆಯ ಬಿಸಿಗೆ ಕಾಯುತ್ತ ಕೂರಬೇಕು. ಅಲ್ಲಿಯ ತನಕ ಇಸಿಎಂ ಅಂದಾಜಿನ ಮೇಲೆ, ಸ್ವಲ್ಪ ಧಾರಾಳವಾಗಿಯೇ ಪೆಟ್ರೋಲ್ ಸುರಿಯುತ್ತದೆ. ಮೇಡಂ ಹೇಳಿದ ಮೈಲೇಜ್ ಹೋದದ್ದು ಅಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 2000ರಿಂದೀಚಿನ ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆಯೆಂದರೆ ಈ ಸಾಕೆಟ್ಟಿಗೆ ಕೇಬಲ್ ಚುಚ್ಚುವುದು. ನಮ್ಮ ಪೆಟ್ರೋಲ್ ಬಂಕಿನ ಎಮಿಷನ್ ಟೆಸ್ಟಿನಲ್ಲಿ ಸೈಲೆನ್ಸರಿಗೆ ಕೊಳವೆ ತೂರಿಸುತ್ತಾರೆ, ಡ್ಯಾಶ್‌ಬೋರ್ಡಿನ ಲೈಟ್ ಉರಿಯುತ್ತಿದ್ದರೂ ಸರ್ಟಿಫಿಕೇಟ್ ಕೈಗೆ ಬರುತ್ತದೆ.

ಐರನ್ ಕಾದಿದೆ. ತಂತಿಗಳನ್ನು ಬರೀ ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ. ಹಾಳಾದ ತುಂಡನ್ನು ಕತ್ತರಿಸಿ, ಅದೇ ದಪ್ಪದ ತಂತಿ ಸೇರಿಸಿ, ಬೆಸುಗೆ ಹಾಕಿ, ಮೊದಲೇ ತೂರಿಸಿಟ್ಟ ಸ್ಲೀವ್ ಮೇಲಕ್ಕೆ ಎಳೆದು ಲೈಟರ್ ಆಡಿಸುತ್ತಾರೆ. ಸ್ಲೀವ್ ಕುಗ್ಗಿ ತಂತಿಗೆ ಅಂಟಿಕೊಳ್ಳುತ್ತದೆ. ಹೊಸ ಪೈಪು, ಅದರ ಮೇಲೆ ಟೇಪು, ಟ್ರೇ ಕೆಳಗೆ ತೂತಿನ ಸ್ಟೀಲ್ ಜಾಲರಿ. ಇಲಿಗೆ ಹೊಗೆಸೊಪ್ಪು ಇಡಬೇಕೆನ್ನುವವರಿದ್ದಾರೆ, ನುಸಿಗುಳಿಗೆ ಎನ್ನುವವರಿದ್ದಾರೆ. ಹೊಗೆಸೊಪ್ಪಿನ ಕಟ್ಟಿನ ಮೇಲೇ ಗೂಡು ಕಟ್ಟಿದ್ದ ಗಾಡಿಯನ್ನು ಅಣ್ಣ ನೋಡಿದ್ದಾರಂತೆ. ಅವರ ನಂಬಿಕೆಯೆಲ್ಲ ಜಾಲರಿಯ ಮೇಲೆ.

ಫ್ಯೂಸಿನ ಜಾಗದಲ್ಲಿ ಬಲ್ಬು ಚುಚ್ಚಿ ಕೀ ತಿರುಗಿಸಿದರೆ ಈಗ ಬಲ್ಬು ಸುಮ್ಮನಿದೆ. ಬಲ್ಬು ತೆಗೆದು ನೀಲಿ ಫ್ಯೂಸು, ಹತ್ತಿಪ್ಪತ್ತು ರೂಪಾಯಿಯ ಮಾಲು. ಮಲ್ಟಿಮೀಟರಿನಲ್ಲಿ ಎರಡೂ ಸೆನ್ಸರಿನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿರುವುದನ್ನು ನೋಡಿಕೊಂಡು, ಹೀಟರ್ ಕಾಯಿಲ್ಲುಗಳೂ ಕಡಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅಣ್ಣ ಕ್ಲಿಯರ್ ಬಟನ್ನಿನ ಹತ್ತಿರ ಹೋಗುವುದು. ಕೋಡು, ಫ್ರೀಜ್ ಫ್ರೇಮ್ ಎರಡರ ಫೋಟೊ ಬ್ಯಾಟರಿ ತೆಗೆಯುವ ಮುಂಚೆಯೇ ಆಗಿದೆ. ಆ ಬಟನ್ ಕೋಡನ್ನಷ್ಟೇ ಅಲ್ಲ, ಫ್ರೀಜ್ ಫ್ರೇಮನ್ನೂ ಒರೆಸುತ್ತದೆ. ಕಂಪ್ಯೂಟರ್ ತನ್ನನ್ನು ತಾನೇ ತಪಾಸಣೆ ಮಾಡಿಕೊಂಡ ಲೆಕ್ಕವೂ ಹೋಗಿ ಎಲ್ಲ ಮೊದಲಿನಿಂದ ಶುರು.

ಟ್ರಯಲ್ಲಿಗೆ ನೀವೂ ಹತ್ತಿ, ಹಿಂದಿನ ಸೀಟು. ಸರ್ವಿಸ್ ರಸ್ತೆಯಲ್ಲಿ ಕೂಡ್ಲು ಗೇಟ್ ಕಡೆಗೆ, ಅಲ್ಲಿಂದ ಯು-ಟರ್ನ್. ಮೇಡಂ ಓಡಿಸುತ್ತಿದ್ದಾರೆ, ಅಣ್ಣನ ತೊಡೆಯ ಮೇಲೆ ಸ್ಕ್ಯಾನರ್. ಪರದೆಯಲ್ಲಿ ಎರಡು ಗೆರೆ. ಮುಂದಿನ ಸೆನ್ಸರಿನದು 0.1ರಿಂದ 0.9 ವೋಲ್ಟಿನ ನಡುವೆ ಮೇಲೆ ಕೆಳಗೆ ಹಾರುತ್ತಿದೆ. ಪೆಟ್ರೋಲ್ ಹೆಚ್ಚು, ಕಡಿಮೆ, ಹೆಚ್ಚು, ಕಡಿಮೆ, ಇಸಿಎಂ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತಿದೆ. ಹಿಂದಿನ ಸೆನ್ಸರಿನ ಗೆರೆ 0.7ರ ಹತ್ತಿರ ಸುಮ್ಮನೆ ಮಲಗಿದೆ. ಅದು ಹಾಗೇ ಇರಬೇಕು. ಅದೂ ಕುಣಿಯತೊಡಗಿದರೆ ನಡುವಿನ ಕನ್ವರ್ಟರ್ ಕೆಲಸ ನಿಲ್ಲಿಸಿದೆ ಎಂದರ್ಥ, ಆಗ ಬರುವುದು ಪಿ0420.

“ಹಾಗಾದ್ರೆ ಈ ಸೆನ್ಸರ್?” ವಾಪಸು ಬಂದ ಮೇಲೆ ಮೇಡಂ ಡಬ್ಬ ತೋರಿಸುತ್ತಾರೆ. ಅದರ ಮೇಲೆ ಅಣ್ಣ ಬರೆದ ಸರ್ಕ್ಯೂಟಿದೆ.

“ರಿಟರ್ನ್ ತಗೊಳ್ತಾರಾ ನೋಡಿ. ಗೀಚಿಬಿಟ್ಟೆ, ಸಾರಿ.”

ಆ ಸ್ವಯಂತಪಾಸಣೆಯ ಲೆಕ್ಕವಿರುವ ರೆಡಿನೆಸ್ ಪುಟದಲ್ಲಿ ಕ್ಯಾಟಲಿಸ್ಟ್, ಆವಿ ವ್ಯವಸ್ಥೆ, ಆಕ್ಸಿಜನ್ ಸೆನ್ಸರ್, ಎಲ್ಲದರ ಮುಂದೆಯೂ ‘ಅಪೂರ್ಣ’. ತಣ್ಣಗಿನ ಸ್ಟಾರ್ಟು, ನಿಂತು ಹೊರಡುವ ಓಟ, ಒಂದೇ ವೇಗದ ಓಟ, ಇವೆಲ್ಲ ಸಿಗುತ್ತ ಹೋದಂತೆ ಒಂದೊಂದೇ ಪೂರ್ಣವಾಗುತ್ತವೆ. “ಆಫೀಸಿಗೆ ಹೋಗ್ತಾ ಬರ್ತಾ ಫ್ಲೈಓವರ್ ಮೇಲೆ ಓಡಿಸಿ. ವಾರ ಬಿಟ್ಟು ನಿಮ್ಮ ಫೋನಲ್ಲೇ ನೋಡ್ಕೊಳ್ಳಿ. ಎಲ್ಲ ಕಂಪ್ಲೀಟ್ ಆಗಿ ಲೈಟ್ ಬರದಿದ್ರೆ ಮುಗೀತು.” ದುಡ್ಡು ಫೋನಿನಲ್ಲೇ ಸಂದಾಯವಾಗುತ್ತದೆ, ಬಿಳಿ ಕಾರು ಹಿಂದಕ್ಕೆ ಸರಿದು ಹೊರಡುತ್ತದೆ.

ಆ ಜಾಗಕ್ಕೆ ತಕ್ಷಣ ಬರುವುದು ಬೆಳ್ಳಿ ಬಣ್ಣದ ಸೆಡಾನ್, ಸೆಕೆಂಡ್ ಹ್ಯಾಂಡ್ ಮಾಲು. ಕೊಳ್ಳುವವನು, ಮಾರುವವನು ಒಂದೇ ಗಾಡಿಯಲ್ಲಿ ಬಂದಿದ್ದಾರೆ. ಬೊಮ್ಮನಹಳ್ಳಿಯಿಂದ. ಒಂದ್ಸಲ ಅಣ್ಣ ನೋಡಿ ಸೈ ಅಂದರೆ ಅಡ್ವಾನ್ಸ್.

“ಒಂದೇ ಒಂದು ಲೈಟ್ ಇಲ್ಲ ಸಾರ್, ಡ್ಯಾಶ್‌ಬೋರ್ಡ್ ಕ್ಲೀನ್,” ಮಾರುವವನು ಹೇಳುತ್ತಾನೆ. ನಿಜವೇ, ಒಂದೂ ಇಲ್ಲ. ಸ್ಕ್ಯಾನರ್ ಹಾಕಿದರೆ ಕೋಡೂ ಇಲ್ಲ. ಅಣ್ಣ ಅಲ್ಲಿಗೆ ನಿಲ್ಲಿಸದೆ ರೆಡಿನೆಸ್ ತೆರೆಯುತ್ತಾರೆ: ಎಲ್ಲ ಅಪೂರ್ಣ. ಇನ್ನೊಂದು ಸಾಲಿಗೆ ಬೆರಳು ಇಳಿಸುತ್ತಾರೆ. ಕೋಡ್ ಅಳಿಸಿದ ಮೇಲೆ ಓಡಿದ ದೂರವನ್ನು ಇಸಿಎಂ ಬೇರೆಯೇ ಎಣಿಸಿಡುತ್ತದೆ. ಅಲ್ಲಿರುವುದು 4 ಕಿಲೋಮೀಟರ್.

“ಬೊಮ್ಮನಹಳ್ಳಿಯಿಂದ ಇಲ್ಲಿಗೆ ಎಷ್ಟಾಗುತ್ತೆ?”

“ಮೊನ್ನೆ ಬ್ಯಾಟರಿ ಬದಲಿಸಿದ್ವಿ ಸಾರ್. ಬ್ಯಾಟರಿ ತೆಗೆದ್ರೆ ಅದೂ ಜೀರೋ ಆಗುತ್ತೆ.”

ಹಲವು ಕಾರುಗಳಲ್ಲಿ ಆಗುತ್ತದೆ, ಸುಳ್ಳಲ್ಲ. ಅಣ್ಣ ವಾದಿಸುವುದಿಲ್ಲ. ಬಾನೆಟ್ ಎತ್ತಿ ನಿಮ್ಮ ಕಡೆ ಕೈ ಚಾಚುತ್ತಾರೆ, ಟಾರ್ಚ್ ಇನ್ನೂ ನಿಮ್ಮ ಬಳಿಯೇ ಇದೆ. ಬ್ಯಾಟರಿಯ ಟರ್ಮಿನಲ್ ಸುತ್ತ ಬಿಳಿ-ಹಸಿರು ಪುಡಿ ಗಟ್ಟಿಯಾಗಿ ಕೂತಿದೆ, ಕ್ಲ್ಯಾಂಪಿನ ನಟ್ಟಿನ ಮೇಲೂ. ಪಾನಾ ತಾಗಿದ ಗುರುತೇ ಇಲ್ಲ.

“ಒಂದು ವಾರ ನೀವೇ ಓಡಿಸಿ,” ಅಣ್ಣ ಮಾರುವವನಿಗೆ ಹೇಳುತ್ತಾರೆ. “ಏನೂ ಅಳಿಸಬೇಡಿ. ಶನಿವಾರ ತನ್ನಿ, ಆಗ ಮಾತಾಡೋಣ.”

ಕೊಳ್ಳುವವನು ಅಡ್ವಾನ್ಸ್ ಕಳಿಸಲು ತೆಗೆದಿದ್ದ ಫೋನನ್ನು ಜೇಬಿಗೆ ಇಳಿಸುತ್ತಾನೆ. ಮಾರುವವನು ಯಾರಿಗೋ ಕಾಲ್ ಮಾಡುತ್ತ ಗೇಟಿನ ಕಡೆ ನಡೆಯುತ್ತಾನೆ.